ಅಂಚಿನಲ್ಲಿದ್ದ ತಾರೀಖುಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆ ಹೇಳಲು ನನಗಿಂತ ಹೆಚ್ಚು ಓದಿಕೊಂಡವರು ಬೇಕಿತ್ತು. ಗಿಡಮರಗಳ ಶಾಸ್ತ್ರ ನನಗೆ ಗೊತ್ತಿಲ್ಲ. ಹಳೆಯ ಪುಸ್ತಕವನ್ನು ಕ್ಯಾಮೆರಾದ ಕೆಳಗಿಟ್ಟು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಿಂತು ನೋಡಿದ್ದೇನೆಯೇ ಹೊರತು ಕೈಯಾರೆ ಮಾಡಿಲ್ಲ. ಎಲ್ಲಾದರೂ ಎಡವಿದರೆ ಅದು ನನ್ನ ಎಡವಟ್ಟು, ಈ ಕಥೆಯ ಹೆಂಗಸಿನದಲ್ಲ; ಅವಳ ಹೆಗಲ ಮೇಲೆ ಅವಳದೇ ಸಾಕಷ್ಟಿದೆ. ಹೇಳದೇ ಬಿಡೋಣ ಎಂದುಕೊಂಡದ್ದೂ ಉಂಟು. ಆದರೆ ತಪ್ಪು ಮಾಡಿದವರೆಂದರೆ ಸೋಮಾರಿಗಳು, ಇಲ್ಲವೇ ಕಳ್ಳರು ಎಂದೇ ಕೇಳಿ ಕೇಳಿ ಸಾಕಾಗಿದೆ. ಕೆಲಸವನ್ನು ಕಣ್ಣಿಗೊತ್ತಿಕೊಂಡು ಮಾಡುವವರ ಕೈಯಿಂದಲೂ ಹೀಗಾಗುತ್ತದೆ ಎಂದು ಯಾರಾದರೂ ಹೇಳಬೇಕು ಅನ್ನಿಸಿತು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ರಬ್ಬರಕ್ಕ ಎಂದು ಕರೆಯುತ್ತಿದ್ದರು. ಎದುರಿಗೆ ಬರೀ ಅಕ್ಕ, ಹಿಂದೆ ರಬ್ಬರಕ್ಕ. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬೇರೆ ಹೆಂಗಸರ ಚೀಲದಲ್ಲಿ ಬಾಚಣಿಗೆ ಇರುವ ಜಾಗದಲ್ಲಿ ಅವಳ ಚೀಲದಲ್ಲಿ ಬಿಳಿ ರಬ್ಬರು, ಮೆತ್ತನೆಯ ಬ್ರಷ್ಷು ಇರುತ್ತಿದ್ದವು. ಹುಡುಗರು ಹಿಂತಿರುಗಿಸಿದ ಪುಸ್ತಕವನ್ನು ಅವಳು ಹಾಳೆ ಹಾಳೆ ತಿರುವಿ ನೋಡುತ್ತಿದ್ದಳು. ಎಲ್ಲಾದರೂ ಪೆನ್ಸಿಲ್ ಗೆರೆ ಕಂಡರೆ, ನಿಮ್ಮ ಮನೆ ಗೋಡೆ ಮೇಲೂ ಹೀಗೇ ಗೀಚ್ತೀಯೇನಪ್ಪ ಎಂದು ಕೇಳಿ, ಅವನ ಎದುರಿಗೇ ಅಳಿಸಲು ಕೂರುತ್ತಿದ್ದಳು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಒಬ್ಬ, ನನ್ನ ಅಂಕಪಟ್ಟಿಯನ್ನೂ ಒಂದು ಸಲ ಅಕ್ಕನ ಕೈಗೆ ಕೊಟ್ಟು ನೋಡಬೇಕು ಎಂದಿದ್ದು ಇಡೀ ಓದುವ ಕೋಣೆಗೆ ಕೇಳಿಸಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಈ ಅಭ್ಯಾಸ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಗಿನ ವಿಭಾಗದ ಮುಖ್ಯಸ್ಥೆ ಒಂದು ಪುಸ್ತಕ ಕೈಗಿತ್ತು, ಇದರಲ್ಲಿ ಯಾರೋ ಗೆರೆ ಎಳೆದಿದ್ದಾರೆ, ಗೆರೆ ಇಲ್ಲದ ಸಾಲನ್ನು ನೀನು ಓದುತ್ತೀಯಾ ನೋಡು ಎಂದಿದ್ದರು. ನಿಜವಾಗಿಯೂ ಅವಳ ಕಣ್ಣು ಗೆರೆ ಇದ್ದಲ್ಲಿಗೇ ಹಾರಿತ್ತು. ಮುಂದೆ ಬರುವವರು ಪುಸ್ತಕವನ್ನು ಓದಬೇಕು, ಹಿಂದೆ ಓದಿದವರನ್ನಲ್ಲ ಎಂದು ಆಕೆ ಹೇಳಿದ್ದನ್ನು ಇವಳು ಹಿಡಿದುಕೊಂಡಳು. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ.

ಆ ಕಟ್ಟಡದ ನೆಲಮಹಡಿಯಲ್ಲಿ ವಿದ್ಯಾರ್ಥಿಗಳ ಓದುವ ಕೋಣೆ. ಪರೀಕ್ಷೆ ಹತ್ತಿರ ಬಂತೆಂದರೆ ಕುರ್ಚಿಗೆ ಜಗಳ. ಒಂದೇ ಪಠ್ಯಪುಸ್ತಕವನ್ನು ಗಂಟೆಯ ಲೆಕ್ಕದಲ್ಲಿ ಹಂಚಬೇಕು, ಅಳುಮುಖ ಮಾಡಿಕೊಂಡು ಬಂದವರಿಗೆ ಹಳೆಯ ಪ್ರಶ್ನೆಪತ್ರಿಕೆ ಹುಡುಕಿಕೊಡಬೇಕು. ಮೇಲಿನ ಮಹಡಿಯಲ್ಲಿ ಸಂಶೋಧಕರ ಗೂಡುಗಳು. ಅಲ್ಲಿ ಕೂತವರು ಯಾವುದೋ ದೂರದ ಗ್ರಂಥಾಲಯದಲ್ಲಿರುವ ಯಾವುದೋ ಲೇಖನ ಬೇಕು ಎಂದು ಚೀಟಿ ಬರೆದುಕೊಟ್ಟರೆ ಇಲ್ಲಿಯವರು ಅಲ್ಲಿಗೆ ಬರೆದು ತರಿಸುತ್ತಿದ್ದರು. ನೆಲಮಾಳಿಗೆಯಲ್ಲಿ ಕಪ್ಪು ಪರದೆ ಕಟ್ಟಿದ ಡಿಜಿಟಲ್ ವಿಭಾಗ. ಹಳೆಯ ಪುಸ್ತಕಗಳ ಚಿತ್ರ ತೆಗೆದು, ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ಓದುವಂತೆ ಮಾಡುವ ಜಾಗ ಅದು. ಅಲ್ಲಿದ್ದವರು ಇಬ್ಬರು: ಚಿತ್ರ ತೆಗೆಯುವ ನಡುವಯಸ್ಸಿನವನು, ರಬ್ಬರಕ್ಕ ಅವನನ್ನು ತಮ್ಮ ಎನ್ನುತ್ತಿದ್ದಳು, ಮತ್ತು ಬೈಂಡರು, ಗೋಂದಿನ ವಾಸನೆಯನ್ನು ಮೈಗೆ ಹಚ್ಚಿಕೊಂಡೇ ಮನೆಗೆ ಹೋಗುವ ಮನುಷ್ಯ. ಮೆಟ್ಟಿಲಿನ ಹಿಂದಿನ ಸಣ್ಣ ಕೋಣೆ ರಬ್ಬರಕ್ಕನದು. ದೊಡ್ಡವರು ದಾನ ಕೊಟ್ಟ ಪುಸ್ತಕಗಳು ಅಲ್ಲಿ ಬಂದು ಇಳಿಯುತ್ತಿದ್ದವು. ಧೂಳು ಒರೆಸಿ, ಗುರುತು ಅಳಿಸಿ, ಮಡಿಕೆ ಬಿಡಿಸಿ, ಕೆಳಗೆ ಕ್ಯಾಮೆರಾಗೆ ಕಳಿಸುವುದು ಅವಳ ಕೆಲಸ.

ಗಿಡದ ಮೇಷ್ಟ್ರ ಪುಸ್ತಕಗಳೂ ಹಾಗೆಯೇ ಬಂದವು. ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಅವರು ಮದುವೆಯಾಗಿರಲಿಲ್ಲ, ಹೆಸರು ಮಾಡುವಂಥ ಗ್ರಂಥವನ್ನೂ ಬರೆದಿರಲಿಲ್ಲ. ತೀರಿಕೊಂಡ ಮೇಲೆ ಅವರ ತಂಗಿ ಪೆಟ್ಟಿಗೆಗಳನ್ನು ಕಳಿಸಿಕೊಟ್ಟರು. ಆ ಪೆಟ್ಟಿಗೆಗಳಲ್ಲಿ ಬೆಲೆಬಾಳುವಂಥದ್ದು ಒಂದೇ: ಆ ಸೀಮೆಯ ಎಲ್ಲ ಗಿಡಗಳ ವಿವರವಿರುವ, ಈಗ ಕೊಳ್ಳಲು ಎಲ್ಲೂ ಸಿಗದ, ನಾಲ್ಕು ದಪ್ಪ ಸಂಪುಟಗಳ ಹಳೆಯ ಗ್ರಂಥ. ಡಿಜಿಟಲ್ ವಿಭಾಗ ಅದನ್ನು ಎದುರು ನೋಡುತ್ತಿತ್ತು. ಅಚ್ಚಿನ ಅಕ್ಷರವನ್ನು ಯಂತ್ರ ಗುರುತಿಸಿ, ಹುಡುಕಿದರೆ ಪದ ಸಿಗುವಂತೆ ಮಾಡಬೇಕಾದರೆ ಹಾಳೆ ಚೊಕ್ಕಟವಾಗಿರಬೇಕು. ಪೆನ್ಸಿಲ್ ಗುರುತಿದ್ದರೆ ಯಂತ್ರ ತಬ್ಬಿಬ್ಬಾಗುತ್ತದೆ. ಇದು ನಿಯಮ. ನಿಯಮವೆಂದರೆ ರಬ್ಬರಕ್ಕನಿಗೆ ನಿಯಮವೇ.

ಸಂಪುಟಗಳ ಅಂಚಿನಲ್ಲಿ ಗುರುತುಗಳಿದ್ದವು. ಒಂದು ಅಂಕಿ, ಓರೆಗೆರೆ, ಇನ್ನೊಂದು ಅಂಕಿ; ಅಂಥವು ಒಂದರ ಕೆಳಗೊಂದು. ಕೆಲವು ಕಡೆ ಪಕ್ಕದಲ್ಲಿ ಒಂದೆರಡು ಮಾತು: ಸೇತುವೆ, ಆಸ್ಪತ್ರೆ ಹಿಂದೆ, ರೈಲ್ವೆ ಗೇಟು. ಒಂದು ಕಡೆ 'ತಡ' ಎಂದು ಬರೆದು ಎರಡು ಗೆರೆ ಎಳೆದಿತ್ತು. ಯಾರೋ ವಿದ್ಯಾರ್ಥಿ ತರಗತಿಗೆ ತಡವಾಗಿ ಬಂದು ಬೈಸಿಕೊಂಡಿರಬೇಕು ಎಂದು ಅವಳು ತನ್ನಷ್ಟಕ್ಕೆ ನಕ್ಕು ಅದನ್ನೂ ಅಳಿಸಿದಳು. ಮೇಷ್ಟ್ರು ಪುಸ್ತಕವನ್ನು ಶಿಷ್ಯರಿಗೆ ಎರವಲು ಕೊಡುತ್ತಿದ್ದರಂತೆ. ಹಾಗಾಗಿ ಇದು ಹುಡುಗರ ಗೀಚಾಟ ಎಂದೇ ಅವಳ ಲೆಕ್ಕ. ಒಂದಿಡೀ ಬೇಸಿಗೆ ಆ ಕೆಲಸ ನಡೆಯಿತು. ಕಾಗದ ತರಚಬಾರದು, ಮಬ್ಬು ಉಳಿಯಬಾರದು. ಅಳಿಸಿದ ಮೇಲೆ ಹಾಳೆಗಳ ಸುಕ್ಕು ಹೋಗಲೆಂದು ಸಂಪುಟಗಳನ್ನು ಬೈಂಡರಿನ ಒತ್ತುಯಂತ್ರದಲ್ಲಿಟ್ಟು ಬಿಗಿದಳು. ಎರಡನೆಯ ಸಂಪುಟದಲ್ಲಿ ಒಂದು ಹಾಳೆ ಹರಿದು ಕಳೆದುಹೋಗಿತ್ತು. ಇನ್ನೊಂದು ಗ್ರಂಥಾಲಯದ ಪ್ರತಿಯಿಂದ ಅದರ ನಕಲು ತರಿಸಿ, ಬಣ್ಣ ಹೊಂದುವ ಕಾಗದದ ಮೇಲೆ ಮುದ್ರಿಸಿ, ಬೈಂಡರಿನ ಕೈಯಲ್ಲಿ ಅಂಟಿಸಿದಳು. ಪುಸ್ತಕ ಕಂಪ್ಯೂಟರಿಗೆ ಏರಿದ ದಿನ ಗ್ರಂಥಪಾಲಕರು ಎಲ್ಲರನ್ನೂ ಕರೆದು, ಹಾಳೆ ಹೀಗಿರಬೇಕು ಎಂದು ಪರದೆಯ ಮೇಲೆ ತೋರಿಸಿದರು. ಅವಳು ಅಂದು ಮನೆಗೆ ಹೋಗಿ ಅತ್ತೆಯ ಮುಂದೆ ಅದನ್ನು ಹೇಳಿಕೊಂಡಳು. ಅತ್ತೆ, ಸಂಬಳ ಜಾಸ್ತಿ ಮಾಡಿದ್ರಾ ಎಂದು ಕೇಳಿ, ಇಲ್ಲ ಎಂದಾಗ, ಹಾಗಾದ್ರೆ ಬರೀ ಹೊಗಳಿಕೆ ಎಂದು ಮಗ್ಗುಲಾದರು.

ಅದಾಗಿ ಕೆಲವು ವರ್ಷಗಳ ಮೇಲೆ ಸಂಶೋಧನೆಗೆಂದು ಒಬ್ಬ ಹುಡುಗಿ ಬಂದಳು. ಮೇಲಿನ ಮಹಡಿಯ ಕಿಟಕಿಯ ಪಕ್ಕದ ಗೂಡೇ ಬೇಕೆಂದು ಹಟ ಹಿಡಿದು ಪಡೆದದ್ದರಿಂದ ಅವಳಿಗೆ ಕಿಟಕಿ ಹುಡುಗಿ ಎಂದು ಹೆಸರಾಯಿತು. ಓದುತ್ತ ಓದುತ್ತ ಎದ್ದು ಹೊರಗಿನ ಮರಗಳನ್ನು ನೋಡಿ ಏನೋ ಬರೆದುಕೊಳ್ಳುತ್ತಿದ್ದಳು. ಒಂದು ದಿನ ಮೆಟ್ಟಿಲ ಹಿಂದಿನ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕೂತು, ತನ್ನ ಕೆಲಸವೇನೆಂದು ತಾನೇ ವಿವರಿಸಿದಳು. ಗಿಡಗಳು ಈಗ ಮೊದಲಿಗಿಂತ ಬೇಗ ಹೂ ಬಿಡುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ಹೌದೋ ಅಲ್ಲವೋ ತಿಳಿಯಬೇಕಾದರೆ ಹಿಂದೆ ಯಾವಾಗ ಬಿಡುತ್ತಿದ್ದವು ಎಂದು ಯಾರಾದರೂ ಬರೆದಿಟ್ಟಿರಬೇಕಲ್ಲ. ಈ ಊರಿನಲ್ಲಿ ಬರೆದಿಟ್ಟವರು ಒಬ್ಬರೇ, ಗಿಡದ ಮೇಷ್ಟ್ರು. ಅವರ ತಂಗಿಯೇ ಹೇಳಿದ್ದು.

"ಬೇರೆ ಎಲ್ಲೂ ಬರೀತಿರಲಿಲ್ಲವಂತೆ ಅಕ್ಕ. ಮೊದಲ ಹೂ ಕಂಡ ದಿನ ಮನೆಗೆ ಬಂದು, ಆ ದಪ್ಪ ಪುಸ್ತಕದಲ್ಲಿ, ಆ ಗಿಡದ ಪಕ್ಕದಲ್ಲೇ ಪೆನ್ಸಿಲ್ಲಲ್ಲಿ ತಾರೀಖು ಹಾಕೋರಂತೆ. ಪ್ರತಿ ವರ್ಷ, ಹಿಂದಿನ ವರ್ಷದ್ದರ ಕೆಳಗೆ. ಕಂಪ್ಯೂಟರಲ್ಲಿ ನೋಡಿದೆ, ಏನೂ ಇಲ್ಲ. ಅಸಲಿ ಪುಸ್ತಕ ತೆಗೆಸಿ ನೋಡಿದೆ, ಅದರಲ್ಲೂ ಇಲ್ಲ. ಅವರದು ಇನ್ನೊಂದು ಪ್ರತಿ ಇತ್ತಾ?"

ಸೇತುವೆ, ಆಸ್ಪತ್ರೆ ಹಿಂದೆ, ರೈಲ್ವೆ ಗೇಟು, ಎಲ್ಲ ಒಮ್ಮೆಲೇ ರಬ್ಬರಕ್ಕನ ಕಣ್ಣ ಮುಂದೆ ಬಂದವು. ತಡವಾಗಿದ್ದು ವಿದ್ಯಾರ್ಥಿಯಲ್ಲ, ಯಾವುದೋ ಗಿಡ. ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದದ್ದು ಬೇರೆ ಮಾತು: ಇರಬಹುದಮ್ಮ, ನೋಡೋಣ.

ಆ ನೋಡೋಣ ಎಂಬ ಮಾತನ್ನು ನಂಬಿ ಹುಡುಗಿ ಅಲೆದಳು. ಬೇರೆ ಗ್ರಂಥಾಲಯಗಳಿಗೆ ಬರೆದಳು. ಮೇಷ್ಟ್ರ ತಂಗಿಯ ಊರಿಗೆ ಮತ್ತೆ ಬಸ್ಸು ಹತ್ತಿ ಹೋಗಿ, ಆ ವಯಸ್ಸಾದ ಹೆಂಗಸಿನ ಜೊತೆ ಅಟ್ಟ ಹತ್ತಿ ಹುಡುಕಿದಳು. ಅವಳ ಸಂಶೋಧನೆಗೆ ಒಪ್ಪಿಗೆ ಸಿಕ್ಕಿದ್ದೇ ಆ ತಾರೀಖುಗಳ ಭರವಸೆಯ ಮೇಲೆ. ಮಾರ್ಗದರ್ಶಕರು ಮೊದಲೇ ಅರೆಮನಸ್ಸಿನವರು. ಸಿಗದಿದ್ದರೆ ವಿಷಯ ಬಿಡು ಎಂದುಬಿಟ್ಟಿದ್ದರು. ಇದೆಲ್ಲ ರಬ್ಬರಕ್ಕನಿಗೆ ಬಿಡಿಬಿಡಿಯಾಗಿ ತಿಳಿಯುತ್ತ ಹೋಯಿತು. ಒಂದೊಂದು ತಿಳಿದಾಗಲೂ ಇವತ್ತು ಹೇಳುತ್ತೇನೆ ಎಂದುಕೊಂಡು, ಹುಡುಗಿ ಬರುವ ಹೊತ್ತಿಗೆ ಕಪಾಟಿನ ಸಂದಿಗೆ ಸರಿಯುತ್ತಿದ್ದಳು. ಹುಡುಗಿ ಅಟ್ಟದ ಧೂಳಿನಿಂದ ಸೀನುತ್ತ ಸೀನುತ್ತ ಬಂದು, ಅಲ್ಲೂ ಇಲ್ಲ ಅಕ್ಕ, ಆದರೂ ನೀವು ಇಷ್ಟು ತಲೆ ಕೆಡಿಸಿಕೊಂಡಿರಲ್ಲ, ಥ್ಯಾಂಕ್ಸ್ ಎಂದಾಗ ತಡೆಯಲಾಗಲಿಲ್ಲ. ಓಣಿಯಲ್ಲೇ, ಹೋಗಿಬರುವವರ ನಡುವೆಯೇ ಹೇಳಿಬಿಟ್ಟಳು. ಪ್ರತಿ ಇದ್ದದ್ದು ಒಂದೇ. ತಾರೀಖು ಅದರಲ್ಲೇ ಇತ್ತು. ಅಳಿಸಿದ್ದು ನಾನು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ರಬ್ಬರಕ್ಕ ಆಮೇಲೆ ಹೇಳುತ್ತಿದ್ದಳು. ಪೆನ್ಸಿಲ್ಲು ಗಟ್ಟಿಯದೋ ಮೆತ್ತನೆಯದೋ ನೆನಪಿದೆಯಾ ಎಂದಷ್ಟೇ ಕೇಳಿದಳು.

ಆ ಪ್ರಶ್ನೆ ಇಬ್ಬರನ್ನೂ ನೆಲಮಾಳಿಗೆಗೆ ಇಳಿಸಿತು. ಕ್ಯಾಮೆರಾ ತಮ್ಮನಿಗೆ ಒಂದು ಉಪಾಯ ಗೊತ್ತಿತ್ತು. ದೀಪವನ್ನು ಮೇಲಿನಿಂದ ಬಿಡದೆ, ಹಾಳೆಯ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬಿಟ್ಟರೆ, ಪೆನ್ಸಿಲ್ಲು ಒತ್ತಿದ್ದ ತಗ್ಗುಗಳು ನೆರಳಾಗಿ ಕಾಣುತ್ತವೆ. ಸೀಸ ಹೋದರೂ ಗಾಯದ ಗುರುತು ಇರುತ್ತೆ ಅಕ್ಕ, ಎಂದ ಅವನು. ಮೊದಲನೆಯ ಸಂಪುಟ ತೆರೆದು, ಕಪ್ಪು ಪರದೆ ಎಳೆದು, ದೀಪ ಹಚ್ಚಿದರು. ಅಂಚಿನಲ್ಲಿ ಬೂದುಬಣ್ಣದ ಒಂದು ಅಂಕಿ ತಲೆಯೆತ್ತಿತು. ಪಕ್ಕದಲ್ಲಿ ಓರೆಗೆರೆ. ಮೂವರೂ ಬಗ್ಗಿ ನೋಡಿದರು. ಚಿತ್ರ ತೆಗೆದರೆ ಚಿತ್ರದಲ್ಲೂ ಬಂತು. ಹುಡುಗಿ ರಬ್ಬರಕ್ಕನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಮರುದಿನವೂ ನೋಯುತ್ತಿತ್ತು.

ಮೊದಲ ಸಂಪುಟ ಕೊಟ್ಟಷ್ಟು ಉಳಿದವು ಕೊಡಲಿಲ್ಲ. ಮೊದಲಿನದರಲ್ಲಿ ಮೇಷ್ಟ್ರ ಕೈ ಬಿರುಸಾಗಿತ್ತೋ ಏನೋ, ಉಳಿದವುಗಳಲ್ಲಿ ಹಗುರ. ಅದರ ಮೇಲೆ ರಬ್ಬರಕ್ಕ ಹಾಳೆ ಸಪಾಟಾಗಲೆಂದು ಒತ್ತುಯಂತ್ರ ಬಿಗಿದಿದ್ದಳಲ್ಲ. ದೀಪ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಕ್ಯಾಮೆರಾ ತಮ್ಮ ತಲೆಯಾಡಿಸಿದ. ಆಗ ರಬ್ಬರಕ್ಕ ಬಗ್ಗಿ, ಕಣ್ಣು ಕಿರಿದು ಮಾಡಿ, ಇಲ್ಲಿದೆ ಎಂದಳು. ಒಂದು, ಏಳು ಇದ್ದ ಹಾಗಿದೆ. ಓರೆಗೆರೆ. ಆಮೇಲೆ ಮೂರು.

"ನನ್ನ ಫೋಟೋದಲ್ಲಿ ಏನೂ ಇಲ್ವಲ್ಲ ಅಕ್ಕ."

"ನಿನ್ನ ಕ್ಯಾಮೆರಾಗೆ ವಯಸ್ಸಾಯ್ತು ತಮ್ಮ, ನನಗಲ್ಲ."

ಎಲ್ಲರೂ ನಕ್ಕರು. ಅಷ್ಟು ದಿನಗಳ ಮೇಲೆ ಆ ಕೋಣೆಯಲ್ಲಿ ಕೇಳಿದ ಮೊದಲ ನಗು ಅದು, ಅದಕ್ಕೇ ಯಾರೂ ಅದನ್ನು ಕೆಡಿಸಲು ಹೋಗಲಿಲ್ಲ. ನಂಬಲು ಕಾರಣವೂ ಇತ್ತು. ಅಳಿಸಿದ ಕೈ ಅವಳದು. ಯಾವ ಹಾಳೆಯ ಯಾವ ಮೂಲೆಯಲ್ಲಿ ಎಷ್ಟು ಉಜ್ಜಿದ್ದಳೋ ಆ ಕೈಗೆ ಗೊತ್ತಿರಬಹುದು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಊಟದ ಬಿಡುವಿನಲ್ಲಿ, ಕೆಲಸ ಮುಗಿದ ಮೇಲೆ, ಅವಳು ದೀಪದ ಪಕ್ಕದಲ್ಲಿ ಬಗ್ಗಿ ಓದುವುದು, ಹುಡುಗಿ ಬರೆದುಕೊಳ್ಳುವುದು. ದಿನ ಕಳೆದಂತೆ ಅವಳ ಕಣ್ಣು ಪಳಗಿತು. ಮೊದಲು ಒಂದು ಪುಟಕ್ಕೆ ಒಂದು ಅಂಕಿ ಕಂಡರೆ ಹೆಚ್ಚು ಎನ್ನುವಂತಿದ್ದದ್ದು, ಆಮೇಲೆ ಜಾಗದ ಹೆಸರು ಸಮೇತ ಕಾಣತೊಡಗಿತು. ಎಲ್ಲಾದರೂ ತಡವರಿಸಿದರೆ ಹುಡುಗಿ ಮೆಲ್ಲಗೆ, ಈ ಗಿಡ ಸಾಮಾನ್ಯವಾಗಿ ನಾಲ್ಕನೇ ತಿಂಗಳು ಬಿಡುತ್ತೆ ಅಕ್ಕ, ನಾಲ್ಕು ಇರಬಹುದಾ ಎನ್ನುತ್ತಿದ್ದಳು. ಇವಳು ಇನ್ನೊಮ್ಮೆ ಬಗ್ಗುತ್ತಿದ್ದಳು. ಹೌದು, ನಾಲ್ಕೇ.

ಹುಡುಗಿಯ ಗೂಡಿನ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ಎದ್ದಿತು. ಒಂದೊಂದು ತಾರೀಖೂ ಒಂದೊಂದು ಚುಕ್ಕಿ. ಚುಕ್ಕಿಗಳು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಕೆಳಗೆ ಜಾರುತ್ತ, ಗಿಡಗಳು ಬೇಗ ಬೇಗ ಹೂ ಬಿಡತೊಡಗಿದ್ದನ್ನು ತೋರಿಸುತ್ತಿದ್ದವು. ಮಾರ್ಗದರ್ಶಕರು ಬಂದು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ನೋಡಿದರು. ಹೊರಗಿನ ಸಭೆಯೊಂದರಲ್ಲಿ ಇದನ್ನು ಮಂಡಿಸಬೇಕೆಂದರು. ರಬ್ಬರಕ್ಕನಿಗೆ ಬಹಳ ದಿನಗಳ ಮೇಲೆ ಅನ್ನ ಸೇರಿತು. ಕಳೆದದ್ದನ್ನು ಕಳೆದವಳೇ ಹುಡುಕಿಕೊಟ್ಟಳಲ್ಲ ಎಂದು ಬೈಂಡರು ಹೊಗಳಿದ್ದನ್ನು ಅವಳು ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿ ನೋಡಿಕೊಂಡಳು.

ಕೆಲಸ ಮುಗಿದಿತ್ತು. ಸಂಪುಟಗಳನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಬೇಕೆಂದು ತನ್ನ ಕೋಣೆಯ ಬೆಳಕಿಗೆ ತಂದಳು. ಎರಡನೆಯ ಸಂಪುಟದ ಹಾಳೆಗಳನ್ನು ಹೆಬ್ಬೆರಳಿನಿಂದ ಹಾಯಿಸುವಾಗ ಒಂದು ಕಡೆ ಬೆರಳು ನಿಂತಿತು. ಉಳಿದವು ಬಟ್ಟೆಯಂತೆ ಮಡಿಯುತ್ತಿದ್ದರೆ ಆ ಒಂದು ಹಾಳೆ ತುಸು ಬಿರುಸು. ಬೆನ್ನಿನ ಕಡೆ ಅಂಟಿಸಿದ ಪಟ್ಟಿ. ಅದು ಹರಿದ ಹಾಳೆಯ ಜಾಗಕ್ಕೆ ತರಿಸಿದ ನಕಲು. ಅವಳೇ ತರಿಸಿದ್ದು. ಮೇಷ್ಟ್ರು ತೀರಿಕೊಂಡು ಎಷ್ಟೋ ದಿನಗಳಾದ ಮೇಲೆ, ಅಳಿಸುವ ಕೆಲಸವೆಲ್ಲ ಮುಗಿದ ಮೇಲೆ, ಒತ್ತುಯಂತ್ರದಿಂದ ಹೊರಬಂದ ಮೇಲೆ ಪುಸ್ತಕ ಸೇರಿದ ಹಾಳೆ. ಅದರ ಮೇಲೆ ಯಾರೂ ಯಾವತ್ತೂ ಪೆನ್ಸಿಲ್ಲು ಇಟ್ಟಿರಲಿಲ್ಲ.

ಅದರಲ್ಲಿದ್ದದ್ದು ಮೂರು ಗಿಡಗಳ ವಿವರ. ಮೂರಕ್ಕೂ ಅವಳು ತಾರೀಖು ಓದಿದ್ದಳು. ಒಂದಕ್ಕೆ ಆಸ್ಪತ್ರೆ ಹಿಂದೆ ಎಂದೂ ಓದಿದ್ದಳು.

ಎಲ್ಲೋ ತಪ್ಪು ತಿಳಿದಿದ್ದೇನೆ ಎಂಬ ಆಸೆಯಿಂದ ಅವಳು ಪುಸ್ತಕ ಎತ್ತಿಕೊಂಡು ಬೈಂಡರಿನ ಬಳಿ ಹೋದಳು. ಅವನು ಗೋಂದಿನ ಕುಂಚ ಕೆಳಗಿಡದೆಯೇ ಒಂದು ಕಣ್ಣು ಹಾಯಿಸಿ, ಅದು ನಮ್ಮ ಹಾಳೆನೇ ಅಕ್ಕ, ಯಾಕೆ, ಕಿತ್ಕೊಂಡು ಬಂತಾ ಎಂದು ಕೇಳಿದ. ಇಲ್ಲ, ಗಟ್ಟಿಯಾಗಿದೆ ಎಂದು ಹೇಳಿ ಬಂದಳು.

ಸುಳ್ಳು ಹೇಳಿದ್ದೇನೆಯೇ ಎಂದು ತನ್ನನ್ನು ತಾನು ಕೇಳಿಕೊಂಡರೆ, ಇಲ್ಲ. ಕಂಡಿತ್ತು. ದೀಪದ ಪಕ್ಕದಲ್ಲಿ ಬಗ್ಗಿದಾಗ ಆ ಅಂಕಿಗಳು ನಿಜವಾಗಿಯೂ ಕಂಡಿದ್ದವು, ಬೇರೆ ಹಾಳೆಗಳ ಅಂಕಿಗಳು ಕಂಡ ಹಾಗೆಯೇ. ಅವಳನ್ನು ಹೆದರಿಸಿದ್ದು ಆ 'ಹಾಗೆಯೇ' ಎಂಬುದು. ಇದು ಇಲ್ಲದ್ದಾದರೆ ಉಳಿದವು? ಈ ಹಾಳೆಯ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ. ಆ ಹಾಳೆಯಲ್ಲೂ ತಾರೀಖು ಓದಿದ್ದು ಬೈಂಡರಿಗೆ ಗೊತ್ತಿಲ್ಲ, ಹುಡುಗಿಗೆ ಹಾಳೆಯ ವಿಷಯ ಗೊತ್ತಿಲ್ಲ. ಸುಮ್ಮನಿದ್ದರೆ ಹುಡುಗಿ ಸಭೆಗೆ ಹೋಗುತ್ತಾಳೆ, ಪದವಿ ಪಡೆಯುತ್ತಾಳೆ. ಮೂರೇ ಚುಕ್ಕಿ.

ಮನೆಯಲ್ಲಿ ಅವಳ ಗಂಡ ಸಿಟಿ ಬಸ್ಸಿನ ಚಾಲಕ; ಮಾತು ಕಡಿಮೆ, ಊಟ ಮಾಡುತ್ತಲೇ ನಿದ್ದೆ ಹೋಗುವಷ್ಟು ದಣಿದಿರುತ್ತಿದ್ದ. ಮುಖ ನೋಡಿ ಹಿಡಿಯುವವರು ಅತ್ತೆ. ಅತ್ತೆಗೆ ಕಣ್ಣು ಮಂಜಾಗಿತ್ತು. ಆದರೂ ದಿನಾ ಪೇಪರು ಬಿಡಿಸಿಕೊಂಡು ಕೂರುತ್ತಿದ್ದರು. ಒಮ್ಮೊಮ್ಮೆ ತಲೆಕೆಳಗಾಗಿ ಹಿಡಿದಿರುತ್ತಿದ್ದರು, ಮನೆಯವರು ನೋಡಿಯೂ ನೋಡದಂತಿರುತ್ತಿದ್ದರು. ಅಂದು ಸೊಸೆ ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ. ಅತ್ತೆ ಮಗನ ಊಟ ಮುಗಿಯುವವರೆಗೆ ಕಾದು, ಈಗ ಹೇಳು ಎಂದರು. ಅವಳು ಹೇಳಿದಳು. ಅರ್ಧ ತಿಳಿಯಿತೋ ಇಲ್ಲವೋ, ಅತ್ತೆ ಕೈಯಲ್ಲಿದ್ದ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ನಾನು ಇದನ್ನ ಹಿಡ್ಕೊಂಡು ಕೂರೋದು ನಿಮ್ಮ ಸಮಾಧಾನಕ್ಕೆ ಕಣೆ. ಕಾಣಲ್ಲ ಅಂದ್ರೆ ಆಸ್ಪತ್ರೆ, ಖರ್ಚು, ಗಲಾಟೆ. ಇದರಿಂದ ಯಾರ ಮನೆಯೂ ಮುಳುಗಲ್ಲ. ಆ ಹುಡುಗಿ ಹಾಗಲ್ಲ, ನೀನು ಓದಿದ್ದನ್ನ ನಂಬ್ಕೊಂಡು ನಾಲ್ಕು ಜನರ ಮುಂದೆ ನಿಂತ್ಕೋತಾಳೆ."

ಪೇಪರನ್ನು ಪಕ್ಕಕ್ಕಿಟ್ಟು, ನಾಳೆ ಸಾರಿಗೆ ಉಪ್ಪು ಹಾಕು ಎಂದರು.

ಮರುದಿನ ಅವಳು ಸಂಪುಟವನ್ನು ಎದೆಗವಚಿಕೊಂಡು ಮೇಲಿನ ಮಹಡಿ ಹತ್ತಿದಳು. ಹುಡುಗಿ ಸಭೆಯಲ್ಲಿ ಓದಬೇಕಾದ ಬರಹವನ್ನು ತಿದ್ದುತ್ತಿದ್ದಳು. ರಬ್ಬರಕ್ಕ ಬಿರುಸಾದ ಹಾಳೆಯನ್ನು ತೆರೆದು ಅವಳ ಮುಂದಿಟ್ಟು, ಅದು ಯಾವಾಗ, ಹೇಗೆ ಅಲ್ಲಿ ಬಂತೆಂದು ಹೇಳಿದಳು. ಹುಡುಗಿ ಹಾಳೆಯನ್ನು ಮುಟ್ಟಿ ನೋಡಿದಳು, ಹಿಂದಿನದನ್ನು ಮುಟ್ಟಿದಳು, ಮತ್ತೆ ಅದನ್ನು ಮುಟ್ಟಿದಳು. ಗೋಡೆಯ ನಕ್ಷೆಯಲ್ಲಿ ಆ ಮೂರು ಚುಕ್ಕಿಗಳು ಗೆರೆಯ ಮೇಲೆ ನೂಲು ಹಿಡಿದಂತೆ ಕೂತಿದ್ದವು. ಇಡೀ ನಕ್ಷೆಯಲ್ಲಿ ಅವುಗಳಷ್ಟು ಚೆನ್ನಾಗಿ ಹೊಂದಿದವು ಬೇರೆ ಇರಲಿಲ್ಲ.

"ನೀವು ಓದಿದಾಗ ನಾನೂ ಬಗ್ಗಿ ನೋಡಿದ್ದೆ ಅಕ್ಕ," ಎಂದಳು ಹುಡುಗಿ. "ನನಗೂ ಕಂಡಿತ್ತು."

ರಬ್ಬರಕ್ಕ ಎಲ್ಲಕ್ಕೂ ತಯಾರಾಗಿ ಬಂದಿದ್ದಳು, ಈ ಮಾತಿಗೆ ತಯಾರಾಗಿರಲಿಲ್ಲ. ಅಳು ಬಂತು. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಉಳಿದವು ಎಂದು ಹುಡುಗಿ ಕೇಳಿದಳು. ಗೊತ್ತಿಲ್ಲಮ್ಮ, ಎಂದಳು ರಬ್ಬರಕ್ಕ. ಆಣೆ ಮಾಡಿ ಹೇಳೋಕೆ ಆಗಲ್ಲ. ಯಾವುದು ಕಂಡಿದ್ದು, ಯಾವುದು ಬೇಕು ಅಂತ ಕಂಡಿದ್ದು, ಗೊತ್ತಿಲ್ಲ.

ಹುಡುಗಿ ಎದ್ದು ನಕ್ಷೆಯನ್ನು ಗೋಡೆಯಿಂದ ಬಿಡಿಸಿದಳು. ಹರಿಯಲಿಲ್ಲ, ಅಂಟಿಸಿದ್ದ ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ನಾಲ್ಕು ಮೂಲೆಯನ್ನೂ ಬಿಡಿಸಿ, ಸುರುಳಿ ಸುತ್ತಿ ಮೇಜಿನ ಕೆಳಗಿಟ್ಟಳು.

ಆಮೇಲೆ ಆದದ್ದನ್ನು ಬೇಗ ಹೇಳಬಹುದು. ಯಾರು ನೋಡಿದರೂ ಕಾಣುವಂಥ, ಚಿತ್ರದಲ್ಲಿ ಮೂಡಿದ ತಾರೀಖುಗಳನ್ನಷ್ಟೇ ಹುಡುಗಿ ಇಟ್ಟುಕೊಂಡಳು. ಅವು ಬಹುಪಾಲು ಮೊದಲ ಸಂಪುಟದವು, ಕೆಲವೇ ಗಿಡಗಳವು, ಅಲ್ಲೊಂದು ಇಲ್ಲೊಂದು ವರ್ಷದವು. ಅಷ್ಟರಿಂದ ಗೆರೆ ಎಳೆಯಲು ಬರುವುದಿಲ್ಲ. ಸಭೆಗೆ ಹೋಗಲಿಲ್ಲ. ಮಾರ್ಗದರ್ಶಕರು ಬೇರೆ ವಿಷಯ ಕೊಟ್ಟರು, ಪ್ರಯೋಗಶಾಲೆಯಲ್ಲೇ ಮುಗಿಯುವಂಥದ್ದು. ಅವಳು ಅದನ್ನು ಮುಗಿಸಿ ಪದವಿಯನ್ನೂ ಪಡೆದಳು. ಆದರೆ ಕಿಟಕಿಯ ಗೂಡನ್ನು ಬಿಟ್ಟುಕೊಟ್ಟಳು. ಗ್ರಂಥಾಲಯಕ್ಕೆ ಬಂದರೂ ಪುಸ್ತಕ ತೆಗೆದುಕೊಂಡು ಹೊರಟುಬಿಡುತ್ತಿದ್ದಳು. ಮೆಟ್ಟಿಲ ಬಳಿ ಎದುರಾದರೆ, ಚೆನ್ನಾಗಿದ್ದೀರಾ ಅಕ್ಕ ಎನ್ನುತ್ತಿದ್ದಳು. ಚೆನ್ನಾಗಿದ್ದೀನಮ್ಮ ಎಂದು ಇವಳೂ ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರಿಗೂ ಕಷ್ಟ.

ರಬ್ಬರಕ್ಕ ಒಂದು ಕೆಲಸಕ್ಕೆ ಮಾತ್ರ ಹಟ ಹಿಡಿದಳು. ಕಂಪ್ಯೂಟರಿನಲ್ಲಿ ಆ ಗ್ರಂಥ ತೆರೆದವರಿಗೆ ಮೊದಲು ಕಾಣುವ ವಿವರಣೆಯಲ್ಲಿ ನಡೆದದ್ದನ್ನು ಬರೆಯಬೇಕು ಎಂದಳು. ಗ್ರಂಥಪಾಲಕರು ಒಳ್ಳೆಯವರೇ, ಆದರೆ ಗ್ರಂಥಾಲಯದ ಹೆಸರಿನ ಚಿಂತೆ ಅವರದು. ಅಂಚಿನ ಕೆಲವು ಟಿಪ್ಪಣಿಗಳು ಅಸ್ಪಷ್ಟವಾಗಿವೆ ಎಂದು ಬರೆದರೆ ಸಾಲದೇ ಎಂದು ಕೇಳಿದರು. ಅವು ತಾವಾಗಿಯೇ ಅಸ್ಪಷ್ಟ ಆಗಲಿಲ್ಲ ಸಾರ್ ಎಂದಳು ಅವಳು. ಅವರ ಮುಂದೆ ಎಂದೂ ಎದುರಾಡದವಳು. ಕೊನೆಗೆ ಎರಡು ಸಾಲು ಬಂತು: ಈ ಪ್ರತಿಯ ಅಂಚಿನಲ್ಲಿ ಹಿಂದಿನ ಒಡೆಯರು ಗಿಡಗಳ ಮೊದಲ ಹೂವಿನ ತಾರೀಖುಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಚಿತ್ರ ತೆಗೆಯುವ ಮೊದಲು ಈ ಗ್ರಂಥಾಲಯದಲ್ಲಿ ಅವನ್ನು ಅಳಿಸಲಾಗಿದೆ. ಯಾರು ಅಳಿಸಿದರು ಎಂದು ಬರೆಯಲಿಲ್ಲ. ಬರೆಯಿರಿ ಎಂದು ಅವಳು ಕೇಳಿದ್ದಳಂತೆ. ಅಂಥ ಪದ್ಧತಿ ಇಲ್ಲ ಎಂದರಂತೆ.

ಮೇಷ್ಟ್ರ ತಂಗಿಗೆ ಇದನ್ನು ಯಾರೂ ತಿಳಿಸಲಿಲ್ಲ. ತಿಳಿಸಬೇಕಿತ್ತೇನೋ. ಆಕೆ ಈಗ ಇಲ್ಲ.

ಇಷ್ಟೇ ನನಗೆ ಗೊತ್ತಿರುವುದು. ಆ ಊರಿನ ಗಿಡಗಳು ನಿಜವಾಗಿಯೂ ಮೊದಲಿಗಿಂತ ಬೇಗ ಹೂ ಬಿಡುತ್ತಿವೆಯೋ ಇಲ್ಲವೋ, ಹೇಳಬಲ್ಲವರು ಯಾರೂ ಉಳಿದಿಲ್ಲ. ರಬ್ಬರಕ್ಕ ಓದಿ ಬರೆಸಿದ ತಾರೀಖುಗಳಲ್ಲಿ ಕೆಲವಾದರೂ ಮೇಷ್ಟ್ರ ಕೈಯವೇ ಇರಬೇಕು, ಎಲ್ಲವೂ ಸುಳ್ಳಾಗಿರಲಾರವು. ಯಾವುವು ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಆ ಹುಡುಗಿ ಅವಳನ್ನು ಮನಸ್ಸಿನಲ್ಲಿ ಕ್ಷಮಿಸಿದ್ದಾಳೆಯೇ ಎಂಬುದೂ ಗೊತ್ತಿಲ್ಲ. ಅವಳು ಕೇಳಿಲ್ಲ. ನಾನೂ ಕೇಳಲಿಲ್ಲ.